ಅಪ್‌ಡೇಟ್ ಆದ ಗಣಕಯಂತ್ರ, ತೆರೆಯದ ಸಂದೇಶದ ಬಾಗಿಲು

ದೂರದ ಊರಿನಲ್ಲಿರುವ ಮಕ್ಕಳ ಕ್ಷೇಮಸಮಾಚಾರಕ್ಕಾಗಿ ಅಂಚೆಯವನ ದಾರಿ ಕಾಯುತ್ತಿದ್ದ ಕಾಲ ಹಿಂದೆ ಸರಿದು ಬಹುದಿನಗಳಾದವು. ಇಂದು ಮೊಮ್ಮಗನ ನಾಮಕರಣದ ಚಿತ್ರಗಳಾಗಲಿ, ಲಗ್ನಪತ್ರಿಕೆಯಾಗಲಿ, ಆಸ್ಪತ್ರೆಯ ವರದಿಯಾಗಲಿ, ಹೊಲದ ಪಹಣಿಯ ಪ್ರತಿಯಾಗಲಿ ವಾಟ್ಸಾಪ್, ಟೆಲಿಗ್ರಾಂ, ಟೀಮ್ಸ್ ಮೊದಲಾದ ಸಂದೇಶದ ಆ್ಯಪ್‌ಗಳ ಮೂಲಕವೇ ಮನೆಯಿಂದ ಮನೆಗೆ ಸಾಗುತ್ತವೆ. ದೃಷ್ಟಿ ಮಂದವಾದ ಹಿರಿಯರು ಮೊಬೈಲಿನ ಚಿಕ್ಕ ಪರದೆಗಿಂತ ಗಣಕಯಂತ್ರದ ದೊಡ್ಡ ಪರದೆಯನ್ನು ಮೆಚ್ಚುತ್ತಾರೆ. ಅಂಗಡಿ, ಸಹಕಾರಿ ಸಂಘ, ಶಾಲೆಗಳ ಲೆಕ್ಕಪತ್ರ ನೋಡುವವರೂ ಈ ಆ್ಯಪ್‌ಗಳನ್ನು ಅದರಲ್ಲಿಯೇ ತೆರೆದಿಟ್ಟುಕೊಂಡಿರುತ್ತಾರೆ.

ಹೀಗಿರಲು ಒಂದು ದಿನ ಗಣಕಯಂತ್ರವು ಅಪ್‌ಡೇಟ್ ಆಗುತ್ತಿದೆಯೆಂದು ತಿಳಿಸಿ, ಬಹಳ ಹೊತ್ತು ಕಾಯಿಸಿ, ಮತ್ತೆ ಚಾಲನೆಗೊಳ್ಳುತ್ತದೆ. ನಿನ್ನೆಯವರೆಗೆ ತಾನಾಗಿ ತೆರೆಯುತ್ತಿದ್ದ ಆ್ಯಪ್ ಇಂದು ಸೈನ್ ಇನ್ ಆಗಲಿಲ್ಲವೆನ್ನುತ್ತದೆ. ಇಂತಹ ಗಳಿಗೆಯಲ್ಲಿ ಅವಸರದಿಂದ ಮಾಡುವ ಕೆಲಸಗಳು ಮೂಲ ದೋಷಕ್ಕಿಂತ ಹೆಚ್ಚಿನ ಹಾನಿಯನ್ನು ತರುತ್ತವೆ. ಕೆಲವರು ಆ್ಯಪನ್ನೇ ಅಳಿಸಿಹಾಕುತ್ತಾರೆ. ಕೆಲವರು ತಪ್ಪು ಪಾಸ್‌ವರ್ಡನ್ನು ಮತ್ತೆ ಮತ್ತೆ ಒತ್ತಿ ಖಾತೆಗೆ ತಾತ್ಕಾಲಿಕ ಬೀಗ ಬೀಳುವಂತೆ ಮಾಡುತ್ತಾರೆ. ಇನ್ನು ಕೆಲವರು ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ಸಹಾಯವಾಣಿಗೆ ಕರೆ ಮಾಡಿ ಬ್ಯಾಂಕಿನ ಹಣವನ್ನೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ದೋಷದ ಕಾರಣವನ್ನು ತಿಳಿದು, ಸುಲಭವಾದ ಉಪಾಯದಿಂದ ಆರಂಭಿಸಿ ಕ್ರಮವಾಗಿ ಮುಂದುವರಿಯುವ ಬಗೆಯನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಸೈನ್ ಇನ್ ಎಂದರೇನು?

ಮೊದಲ ಸಲ ಆ್ಯಪನ್ನು ತೆರೆದಾಗ ನಾವು ಪಾಸ್‌ವರ್ಡಿನಿಂದಲೋ, ಮೊಬೈಲಿಗೆ ಬಂದ ಅಂಕೆಗಳಿಂದಲೋ, ಕ್ಯೂಆರ್ ಸಂಕೇತದಿಂದಲೋ ನಮ್ಮ ಗುರುತನ್ನು ರುಜುವಾತುಪಡಿಸುತ್ತೇವೆ. ಆಗ ಆ ಸೇವೆಯು ನಮ್ಮ ಗಣಕಯಂತ್ರಕ್ಕೆ ಒಂದು ಗುರುತಿನ ಚೀಟಿಯನ್ನು ಕೊಡುತ್ತದೆ. ತಂತ್ರಜ್ಞರು ಇದನ್ನು ಟೋಕನ್ ಎನ್ನುತ್ತಾರೆ. ಮರುದಿನದಿಂದ ಆ್ಯಪ್ ನಮ್ಮನ್ನು ಕೇಳದೆ ಆ ಚೀಟಿಯನ್ನೇ ತೋರಿಸಿ ಒಳಹೋಗುತ್ತದೆ. ಈ ಕಾರ್ಯ ಸಾಗಬೇಕಾದರೆ ಮೂರು ಸಂಗತಿಗಳು ನೆಟ್ಟಗಿರಬೇಕು. ಚೀಟಿ ಓದಲು ಬರುವಂತಿರಬೇಕು. ಗಣಕಯಂತ್ರದ ಗಡಿಯಾರ ಸರಿಯಾಗಿರಬೇಕು. ಸೇವೆಯ ಕೇಂದ್ರಕ್ಕೆ ಹೋಗುವ ಅಂತರ್ಜಾಲದ ದಾರಿ ತೆರೆದಿರಬೇಕು. ಅಪ್‌ಡೇಟ್ ಈ ಮೂರರಲ್ಲಿ ಯಾವುದನ್ನಾದರೂ ಅಲುಗಿಸಬಹುದು.

ವಿಂಡೋಸ್ ವ್ಯವಸ್ಥೆಯು ಇಂತಹ ಚೀಟಿಗಳನ್ನೂ ಪಾಸ್‌ವರ್ಡುಗಳನ್ನೂ ಬಳಕೆದಾರನ ಖಾತೆಗೆ ಹೊಂದಿಕೊಂಡ ಬೀಗದೊಳಗೆ ಇಡುತ್ತದೆ. ಬೀಗದ ಕೀಲಿ ಸಿಗದೆ ಹೋದರೆ ಚೀಟಿ ಇದ್ದೂ ಇಲ್ಲದಂತೆ. 2020ರಲ್ಲಿ ವಿಂಡೋಸ್ 10ರ ಹೊಸ ಆವೃತ್ತಿಯೊಂದು ಬಂದಾಗ ಕೆಲವರ ಯಂತ್ರಗಳಲ್ಲಿ ಹೀಗೆಯೇ ಆಯಿತು. ಯಂತ್ರವನ್ನು ಪ್ರಾರಂಭಿಸಿದಾಗಲೆಲ್ಲ ಬ್ರೌಸರ್ ಮತ್ತು ಇತರ ಆ್ಯಪ್‌ಗಳು ಉಳಿಸಿಕೊಂಡಿದ್ದ ಸೈನ್ ಇನ್ ವಿವರಗಳನ್ನು ಮರೆಯುತ್ತಿದ್ದವು. ಬಳಕೆದಾರರ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಯಂತ್ರದ ನೆನಪು ಕೈಕೊಟ್ಟಿತ್ತು.

ದೋಷ ಎಲ್ಲಿದೆಯೆಂದು ಅರಿಯುವುದು

ಚಿಕಿತ್ಸೆಗೆ ಮೊದಲು ನಾಡಿ ನೋಡುವಂತೆ ಇಲ್ಲಿಯೂ ಮೊದಲು ಪರೀಕ್ಷೆ ಆಗಬೇಕು. ಅದೇ ಆ್ಯಪ್ ಮೊಬೈಲಿನಲ್ಲಿ ಕೆಲಸ ಮಾಡುತ್ತಿದೆಯೇ ನೋಡಿರಿ. ಮೊಬೈಲಿನಲ್ಲಿಯೂ, ನೆರೆಮನೆಯವರಲ್ಲಿಯೂ ನಿಂತಿದ್ದರೆ ದೋಷವು ಸೇವೆಯದ್ದು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಒಂಬತ್ತು ಗಂಟೆಯ ಸುಮಾರಿಗೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತು, ಸುಮಾರು ಆರು ತಾಸು ಜಗತ್ತಿನಾದ್ಯಂತ ಮೌನ ಆವರಿಸಿತ್ತು. ಆ ಕಂಪನಿಯ ಒಳಗಿನ ಜಾಲದಲ್ಲಿ ಮಾಡಿದ ಒಂದು ಬದಲಾವಣೆಯೇ ಅದಕ್ಕೆ ಕಾರಣ. ಅಂದು ತಮ್ಮ ಯಂತ್ರವನ್ನು ಬಿಚ್ಚಿ ನೋಡಿದವರಿಗೆ ಶ್ರಮವೊಂದೇ ದಕ್ಕಿತು. ಹಾಗೆಯೇ 2025ರ ಮೇ 5ರಂದು ಸ್ಕೈಪ್ ಸೇವೆಯು ಮುಕ್ತಾಯವಾಯಿತು. ಹಳೆಯ ಯಂತ್ರದಲ್ಲಿ ಉಳಿದಿರುವ ಸ್ಕೈಪ್ ತೆರೆಯದಿದ್ದರೆ ಅದಕ್ಕೆ ಅಪ್‌ಡೇಟ್ ಕಾರಣವಲ್ಲ.

ಮೊಬೈಲಿನಲ್ಲಿ ಸರಿಯಿದ್ದು ಗಣಕಯಂತ್ರದಲ್ಲಿ ಮಾತ್ರ ತೊಂದರೆಯಿದ್ದರೆ, ಅದೇ ಸೇವೆಯನ್ನು ಬ್ರೌಸರಿನಲ್ಲಿ ತೆರೆದು ನೋಡಿರಿ. ವಾಟ್ಸಾಪ್ ವೆಬ್, ಟೆಲಿಗ್ರಾಂ ವೆಬ್, ಟೀಮ್ಸ್ ಎಲ್ಲಕ್ಕೂ ಇಂತಹ ರೂಪವಿದೆ. ಬ್ರೌಸರಿನಲ್ಲಿ ತೆರೆದರೆ ದೋಷವು ಬಹುಮಟ್ಟಿಗೆ ಆ್ಯಪಿನಲ್ಲಿದೆ. ಅಲ್ಲಿಯೂ ತೆರೆಯದಿದ್ದರೆ ಗಡಿಯಾರವನ್ನೋ ದಾರಿಯನ್ನೋ ಪರೀಕ್ಷಿಸಬೇಕು. ಬ್ರೌಸರಿನಲ್ಲಿ ತೆರೆದಾಗ ಅಂದಿನ ತುರ್ತು ಕೆಲಸವೂ ನಿಲ್ಲುವುದಿಲ್ಲ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ವಿಂಡೋಸ್ ಯಂತ್ರವನ್ನು "ಶಟ್ ಡೌನ್" ಮಾಡಿ ಮತ್ತೆ ಹಚ್ಚಿದರೆ, ಬೇಗ ಏಳುವ ಸಲುವಾಗಿ ಅದು ತನ್ನ ಹಿಂದಿನ ಸ್ಥಿತಿಯ ಒಂದಂಶವನ್ನು ಉಳಿಸಿಕೊಂಡಿರುವುದುಂಟು. "ರೀಸ್ಟಾರ್ಟ್" ಮಾಡಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಅಪ್‌ಡೇಟ್ ನಂತರದ ಅನೇಕ ತೊಂದರೆಗಳು ಒಂದು ರೀಸ್ಟಾರ್ಟಿನಿಂದಲೇ ನೀಗುತ್ತವೆ. ಅದು ಉಚಿತವಾದ, ಹಾನಿಯಿಲ್ಲದ ಉಪಾಯ.

ಗಡಿಯಾರದ ತಪ್ಪು

ಆ್ಯಪ್ ಸೇವೆಯ ಕೇಂದ್ರವನ್ನು ಸಂಪರ್ಕಿಸಿದಾಗ ಆ ಕೇಂದ್ರವೂ ತನ್ನ ಗುರುತಿನ ಪ್ರಮಾಣಪತ್ರವನ್ನು ತೋರಿಸಬೇಕು. ಆ ಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಇರುತ್ತವೆ. ನಮ್ಮ ಯಂತ್ರದ ದಿನಾಂಕ ಹಲವು ವರ್ಷ ಹಿಂದಿದ್ದರೆ, ಸರಿಯಾದ ಪತ್ರವೂ "ಇನ್ನೂ ಜಾರಿಗೆ ಬಂದಿಲ್ಲ" ಎಂದು ತಿರಸ್ಕೃತವಾಗುತ್ತದೆ. ಹಳೆಯ ಮೇಜಿನ ಗಣಕಯಂತ್ರಗಳೊಳಗೆ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಸೆಲ್ ಒಂದಿರುತ್ತದೆ. ಅದು ಸತ್ತಿದ್ದರೆ, ಕರೆಂಟು ಹೋದಾಗ ಅಥವಾ ಗೋಡೆಯ ಸ್ವಿಚ್ಚನ್ನು ಆರಿಸಿದಾಗ ದಿನಾಂಕವು ಹಳೆಯದಕ್ಕೆ ಜಾರುತ್ತದೆ. ಅಪ್‌ಡೇಟ್ ಮುಗಿಸಿ ಸ್ವಿಚ್ಚು ಆರಿಸಿ ಮಲಗಿದ ಮನೆಯವರು ಬೆಳಿಗ್ಗೆ ಆ್ಯಪ್ ತೆರೆಯದಿದ್ದಾಗ ಅಪ್‌ಡೇಟನ್ನು ದೂರುತ್ತಾರೆ. ಅಗ್ಗದ ಸೆಲ್ ಒಂದನ್ನು ಬದಲಿಸಿದರೆ ತೊಂದರೆ ಮುಗಿಯುತ್ತದೆ.

ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು. ಅಮೆರಿಕೆಯಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಕಾಲವಲಯವು ಅಲ್ಲಿಯದೇ ಉಳಿದಿರುತ್ತದೆ. ಮನೆಯವರು ವಲಯವನ್ನು ಬದಲಿಸದೆ ಗಂಟೆಯನ್ನು ಮಾತ್ರ ಕೈಯಿಂದ ತಿದ್ದಿರುತ್ತಾರೆ. ಪರದೆಯ ಮೇಲೆ ಸಮಯ ಸರಿಯಾಗಿ ಕಾಣುತ್ತದೆ. ಆದರೆ ಯಂತ್ರವು ಜಾಗತಿಕ ಸಮಯವನ್ನು ಲೆಕ್ಕಹಾಕುವಾಗ ಹಲವು ತಾಸುಗಳ ವ್ಯತ್ಯಾಸ ಬರುತ್ತದೆ. ಸ್ವಲ್ಪ ಕಾಲ ಮಾತ್ರ ಸಲ್ಲುವ ಗುರುತಿನ ಚೀಟಿಗಳು ಇದರಿಂದ ಅಸಿಂಧುವಾಗಬಹುದು. ಸೆಟ್ಟಿಂಗ್ಸಿನಲ್ಲಿ "ಡೇಟ್ ಅಂಡ್ ಟೈಮ್" ಪುಟವನ್ನು ತೆರೆದು, ಕಾಲವಲಯವನ್ನು ಜಾಗತಿಕ ಸಮಯಕ್ಕಿಂತ ಐದೂವರೆ ತಾಸು ಮುಂದಿರುವ ಭಾರತದ ವಲಯಕ್ಕೆ ಇಟ್ಟು, "ಸಿಂಕ್ ನೌ" ಎಂಬುದನ್ನು ಒತ್ತಿರಿ.

ದಾರಿಯ ತಡೆ

ಕಚೇರಿಯ ಲ್ಯಾಪ್‌ಟಾಪುಗಳಲ್ಲಿ ವಿಪಿಎನ್ ಅಥವಾ ಪ್ರಾಕ್ಸಿ ಎಂಬ ಬಳಸುದಾರಿಯ ವ್ಯವಸ್ಥೆ ಇರುತ್ತದೆ. 2020ರ ಫೆಬ್ರವರಿ 27ರಂದು ವಿಂಡೋಸ್ 10ಕ್ಕೆ ಬಂದ ಅಪ್‌ಡೇಟಿನ ತರುವಾಯ, ಇಂತಹ ವ್ಯವಸ್ಥೆಯಿದ್ದ ಕೆಲವು ಯಂತ್ರಗಳು ಅಂತರ್ಜಾಲವಿದ್ದರೂ ಇಲ್ಲವೆಂದು ತೋರಿಸತೊಡಗಿದವು. ಅದನ್ನು ನಂಬಿದ ಟೀಮ್ಸ್, ಔಟ್‌ಲುಕ್ ಮೊದಲಾದವು ಸಂಪರ್ಕ ಸಾಧಿಸಲಾಗದೆ ನಿಂತವು. ಮಾರ್ಚ್ 25ರಿಂದ ನಮ್ಮ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದು, ಕಚೇರಿಗಳೆಲ್ಲ ಮನೆಯೊಳಗೆ ಬಂದಿದ್ದ ದಿನಗಳವು. ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 30ರಂದು ಈ ದೋಷಕ್ಕೆಂದೇ ವಿಶೇಷ ತಿದ್ದುಪಡಿಯನ್ನು ಹೊರತಂದಿತು. ಆ ಒಂದು ತಿಂಗಳಲ್ಲಿ ಪಾಸ್‌ವರ್ಡ್ ಬದಲಿಸಿದವರಿಗಾಗಲಿ ಆ್ಯಪ್ ಅಳಿಸಿದವರಿಗಾಗಲಿ ಅದರಿಂದ ಪ್ರಯೋಜನವಾಗುವಂತಿರಲಿಲ್ಲ, ದೋಷ ದಾರಿಯಲ್ಲಿತ್ತು.

ಆದುದರಿಂದ ವಿಪಿಎನ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಪ್ರಯತ್ನಿಸಿರಿ. ಮನೆಯ ಯಂತ್ರದಲ್ಲಿ ಪ್ರಾಕ್ಸಿ ತಾನಾಗಿ ಚಾಲನೆಯಲ್ಲಿದ್ದರೆ ಅದನ್ನು ಆರಿಸಿರಿ. ಕಚೇರಿಯ ಯಂತ್ರವಾದರೆ ಅಲ್ಲಿಯ ತಂತ್ರಜ್ಞರನ್ನು ಕೇಳದೆ ಮುಟ್ಟಬಾರದು. ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿದಾಗ ಆ್ಯಪ್ ತೆರೆದರೆ, ತೊಡಕು ಮನೆಯ ವೈಫೈ ಸಂಪರ್ಕದಲ್ಲಿದೆಯೆಂದು ತಿಳಿಯಬಹುದು. ಫೈರ್‌ವಾಲ್, ಆ್ಯಂಟಿವೈರಸ್‌ಗಳು ಹೊಸ ಆವೃತ್ತಿಯ ಆ್ಯಪನ್ನು ಅಪರಿಚಿತವೆಂದು ತಡೆದಿವೆಯೇ ಎಂಬುದನ್ನೂ ನೋಡಬೇಕು. ಅವುಗಳನ್ನು ಶಾಶ್ವತವಾಗಿ ಆರಿಸಿಬಿಡುವುದು ಅಪಾಯಕರ. ಆ ಆ್ಯಪಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಹೊಸ ಚೀಟಿ ಪಡೆಯುವುದು

ಗಡಿಯಾರವೂ ದಾರಿಯೂ ಸರಿಯಿದ್ದರೆ ಇನ್ನುಳಿದದ್ದು ಮತ್ತೊಮ್ಮೆ ಗುರುತನ್ನು ತೋರಿಸುವುದು. ವಾಟ್ಸಾಪಿನಲ್ಲಿ ಮೊಬೈಲೇ ಮೂಲ. ಗಣಕಯಂತ್ರವು ಅದಕ್ಕೆ ಜೋಡಿಸಿದ ಉಪಕರಣ. ಹೀಗೆ ನಾಲ್ಕು ಉಪಕರಣಗಳವರೆಗೆ ಜೋಡಿಸಬಹುದು. ಮೊಬೈಲನ್ನು ಹದಿನಾಲ್ಕು ದಿನಗಳಿಗೂ ಹೆಚ್ಚು ಕಾಲ ಬಳಸದೆ ಇಟ್ಟರೆ ಜೋಡಣೆಗಳು ತಾವಾಗಿ ಕಳಚುತ್ತವೆ. ಮೊಬೈಲಿನ ವಾಟ್ಸಾಪಿನಲ್ಲಿ "ಲಿಂಕ್ಡ್ ಡಿವೈಸಸ್" ಪುಟಕ್ಕೆ ಹೋಗಿ, ಗಣಕಯಂತ್ರದ ಪರದೆಯ ಮೇಲಿನ ಕ್ಯೂಆರ್ ಸಂಕೇತವನ್ನು ಅದರಿಂದ ಓದಿಸಿದರೆ ಜೋಡಣೆ ಮತ್ತೆ ಆಗುತ್ತದೆ. ಟೆಲಿಗ್ರಾಂ ಕಳಿಸುವ ಸಂಕೇತಾಂಕವು ಸಾಮಾನ್ಯವಾಗಿ ಮೊಬೈಲಿನ ಟೆಲಿಗ್ರಾಂ ಆ್ಯಪಿನೊಳಗೇ ಬರುತ್ತದೆ. ಎಸ್‌ಎಂಎಸ್ ಬರಲಿಲ್ಲವೆಂದು ಕಾಯುತ್ತ ಕೂಡುವವರು ಅಲ್ಲಿ ನೋಡಬೇಕು.

ಆಗಲೂ ತೆರೆಯದಿದ್ದರೆ ಆ್ಯಪನ್ನು ಹೊಸ ಆವೃತ್ತಿಗೆ ಏರಿಸಿರಿ. ಅನಂತರ ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಆ ಆ್ಯಪಿನ "ಅಡ್ವಾನ್ಸ್ಡ್ ಆಪ್ಷನ್ಸ್" ಪುಟದಲ್ಲಿರುವ "ರಿಪೇರ್" ಎಂಬುದನ್ನು ಒತ್ತಿರಿ. ಇದು ಆ್ಯಪಿನ ಮಾಹಿತಿಯನ್ನು ಮುಟ್ಟದೆ ದುರಸ್ತಿ ಮಾಡುತ್ತದೆ. ಅದರ ಪಕ್ಕದ "ರೀಸೆಟ್" ಯಂತ್ರದಲ್ಲಿರುವ ಆ್ಯಪಿನ ಮಾಹಿತಿಯನ್ನು ಅಳಿಸುತ್ತದೆ. ಅದು ಕೊನೆಯ ಉಪಾಯ. ವಾಟ್ಸಾಪಿನ ಸಂದೇಶಗಳು ಮೊಬೈಲಿನಲ್ಲಿ ಉಳಿದಿರುವುದರಿಂದ ಗಣಕಯಂತ್ರದಲ್ಲಿ ಅಳಿಸಿದರೆ ದೊಡ್ಡ ನಷ್ಟವಿಲ್ಲ. ಆದರೆ ಮೊಬೈಲಿನಲ್ಲಿರುವ ಆ್ಯಪನ್ನು ಬ್ಯಾಕಪ್ ಇಲ್ಲದೆ ಅಳಿಸಿದರೆ ವರ್ಷಗಳ ಮಾತುಕತೆ ಹೋಗಿಬಿಡುತ್ತದೆ. ತೀರಿಹೋದ ಹಿರಿಯರ ಧ್ವನಿಸಂದೇಶವೊಂದು ಅದರಲ್ಲಿದ್ದರೆ, ಆ ನಷ್ಟವನ್ನು ಯಾವ ತಂತ್ರಜ್ಞನೂ ತುಂಬಿಕೊಡಲಾರ. ಸಿಗ್ನಲ್ ಆ್ಯಪ್ ಗಣಕಯಂತ್ರದಲ್ಲಿ ತನ್ನದೇ ಸಂಗ್ರಹವನ್ನು ಇಟ್ಟುಕೊಳ್ಳುತ್ತದೆ. ಅದರ ಕಡತಗಳನ್ನು ಕೈಯಾರೆ ಅಳಿಸುವ ಸಾಹಸ ಬೇಡ.

ಮೋಸದ ಬಲೆ

ನಮ್ಮ ಮನಸ್ಸಿಗೆ ಅತ್ಯಂತ ಕಳವಳ ತರುವ ಸಂಗತಿ ಇದು. ಗಾಬರಿಗೊಂಡವರು ಅಂತರ್ಜಾಲದಲ್ಲಿ "ಸಹಾಯವಾಣಿ" ಎಂದು ಹುಡುಕಿದಾಗ ವಂಚಕರು ಇಟ್ಟ ಸಂಖ್ಯೆಗಳೂ ಸಿಗುತ್ತವೆ. ನಯವಾಗಿ ಮಾತನಾಡುವ ಅಪರಿಚಿತನು ದೂರದಿಂದಲೇ ದುರಸ್ತಿ ಮಾಡುವೆನೆಂದು ಹೇಳಿ, ಪರದೆಯನ್ನು ತನ್ನ ವಶಕ್ಕೆ ಕೊಡುವ ಆ್ಯಪ್ ಒಂದನ್ನು ಹಾಕಿಸುತ್ತಾನೆ. ಅಥವಾ ಮೊಬೈಲಿಗೆ ಬಂದ ಆರು ಅಂಕೆಗಳನ್ನು ಓದಿಹೇಳಲು ಕೇಳುತ್ತಾನೆ. ಆ ಅಂಕೆಗಳು ಅವನ ಕೈಸೇರಿದರೆ ನಿಮ್ಮ ವಾಟ್ಸಾಪ್ ಅವನದಾಗುತ್ತದೆ. ಬಳಿಕ ನಿಮ್ಮ ಹೆಸರಿನಲ್ಲಿಯೇ ಬಂಧುಬಳಗದವರಿಗೆ ತುರ್ತಾಗಿ ಹಣ ಬೇಕೆಂಬ ಸಂದೇಶಗಳು ಹೋಗುತ್ತವೆ. ಕ್ಯೂಆರ್ ಸಂಕೇತದ ವಿಷಯವೂ ಹಾಗೆಯೇ. ನಿಮ್ಮ ಪರದೆಯ ಮೇಲೆ ನೀವೇ ತೆರೆದ ಸಂಕೇತವನ್ನು ಮಾತ್ರ ಓದಿಸಬೇಕು. ಇತರರು ಕಳಿಸಿದ್ದನ್ನು ಓದಿಸಿದರೆ ಅವರ ಯಂತ್ರವು ನಿಮ್ಮ ಖಾತೆಗೆ ಜೋಡಣೆಯಾಗಬಹುದು.

ಆದ್ದರಿಂದ ಸಂಕೇತಾಂಕವನ್ನು ಯಾರಿಗೂ ಹೇಳಬಾರದು. ವಾಟ್ಸಾಪಿನ "ಟೂ ಸ್ಟೆಪ್ ವೆರಿಫಿಕೇಶನ್" ಸೌಲಭ್ಯದಲ್ಲಿ ಆರು ಅಂಕೆಗಳ ಪಿನ್ ಇಟ್ಟುಕೊಳ್ಳಬೇಕು. "ಲಿಂಕ್ಡ್ ಡಿವೈಸಸ್" ಪಟ್ಟಿಯನ್ನು ಆಗಾಗ ನೋಡಿ ಗುರುತಿಲ್ಲದ ಉಪಕರಣವನ್ನು ಹೊರಹಾಕಬೇಕು. ಹಣ ಹೋದ ಪಕ್ಷದಲ್ಲಿ ನಾಚಿಕೆಯಿಂದ ಮುಚ್ಚಿಡದೆ, ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಅಪ್‌ಡೇಟೇ ಬೇಡವೆನ್ನುವವರಿಗೆ

ಇಷ್ಟೆಲ್ಲ ತೊಂದರೆಯಿದ್ದರೆ ಅಪ್‌ಡೇಟನ್ನೇ ನಿಲ್ಲಿಸಿಬಿಡೋಣ ಎಂದು ಕೆಲವರಿಗೆ ಅನಿಸಬಹುದು. ಅದು ಸರಿಯಲ್ಲ. 2021ರ ಸೆಪ್ಟೆಂಬರ್ 30ರಂದು ಅಂತರ್ಜಾಲದ ಬಹುಭಾಗದಲ್ಲಿ ಬಳಕೆಯಲ್ಲಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ತೊಂದರೆಗೆ ಸಿಲುಕಿದವು ಬಹುಕಾಲ ಅಪ್‌ಡೇಟ್ ಕಾಣದ ಹಳೆಯ ಉಪಕರಣಗಳೇ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂತಹ ಯಂತ್ರಗಳನ್ನು ಆ್ಯಪ್‌ಗಳೂ ಒಂದೊಂದಾಗಿ ಕೈಬಿಡುತ್ತ ಹೋಗುತ್ತವೆ. ನಿರ್ದಿಷ್ಟ ಅಪ್‌ಡೇಟ್ ಒಂದರಿಂದಲೇ ದೋಷವೆಂದು ಖಚಿತವಾದರೆ "ಅಪ್‌ಡೇಟ್ ಹಿಸ್ಟರಿ" ಪುಟದಿಂದ ಅದನ್ನು ತೆಗೆಯಲು ಅವಕಾಶವುಂಟು. ದೊಡ್ಡ ಆವೃತ್ತಿ ಬದಲಾವಣೆಯಾದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು. ಆದರೂ ತಿದ್ದುಪಡಿ ಬರುವವರೆಗೆ ಬ್ರೌಸರಿನಲ್ಲಿ ಕೆಲಸ ಸಾಗಿಸುವುದು ಮನೆಮಂದಿಗೆ ಹೆಚ್ಚು ಕ್ಷೇಮಕರವೆಂದು ನಮ್ಮ ಅಭಿಪ್ರಾಯ.

ಮನೆಯ ಕಿರಿಯರಲ್ಲಿ ನಮ್ಮದೊಂದು ಬಿನ್ನಹವಿದೆ. ಈ ಬಾರಿ ರಜೆಗೆ ಊರಿಗೆ ಬಂದಾಗ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಿರಿ. ಅಪ್ಪ ಅವ್ವಂದಿರ ಮೊಬೈಲಿನ ಬ್ಯಾಕಪ್ ಆಗುತ್ತಿದೆಯೇ ನೋಡಿರಿ, ಪಿನ್ ಇಟ್ಟುಕೊಡಿರಿ, ಕಾಲವಲಯ ಸರಿಪಡಿಸಿರಿ. ಖಾತೆಗೆ ಜೋಡಿಸಿದ ದೂರವಾಣಿ ಸಂಖ್ಯೆ ಹಾಗೂ ಮಿಂಚಂಚೆಯ ವಿಳಾಸವನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿರಿ. ಪಾಸ್‌ವರ್ಡ್ ಬರೆಯುವುದಾದರೆ ಆ ಪುಸ್ತಕ ಬೀರುವಿನಲ್ಲಿರಲಿ. ಅಪ್‌ಡೇಟ್ ಆದ ಮೇಲೆ ಆ್ಯಪ್ ತೆರೆಯದಿದ್ದರೆ ಯಾವ ಹೊರಗಿನ ಸಂಖ್ಯೆಗೂ ಕರೆಮಾಡದೆ ಮೊದಲು ನಮಗೇ ಕರೆಮಾಡಿರಿ ಎಂದು ಅವರಿಗೆ ಹೇಳಿ ಹೋಗಿರಿ. ಆ ಕರೆ ನಡುರಾತ್ರಿಯಲ್ಲಿ ಬಂದರೂ ಬೇಸರಿಸದೆ ಎತ್ತಿಕೊಳ್ಳಿರಿ.