ಅಡಗಿದ ಗುಣ ಅಳಿಯುವುದಿಲ್ಲ

ಶುದ್ಧ ತಳಿಯ ದುಂಡು ಕಾಳಿನ ಬಟಾಣಿಯನ್ನು ಸುಕ್ಕು ಕಾಳಿನ ಬಟಾಣಿಯ ಜೊತೆ ಅಡ್ಡತಳಿ ಮಾಡಿದರೆ ಎಂಥ ಕಾಳು ಹುಟ್ಟೀತು? ಅರೆಬರೆ ಸುಕ್ಕಿನದಲ್ಲ, ಎಲ್ಲವೂ ದುಂಡನೆಯವೇ. ಆದರೆ ಆ ಕಾಳುಗಳನ್ನು ಬಿತ್ತಿ, ಗಿಡಗಳಲ್ಲಿ ಸ್ವಪರಾಗಸ್ಪರ್ಶ ಆಗಲು ಬಿಟ್ಟರೆ ಮುಂದಿನ ಪೀಳಿಗೆಯಲ್ಲಿ ಸುಕ್ಕು ಕಾಳು ಮತ್ತೆ ತಲೆ ಎತ್ತುತ್ತದೆ. ಇಂದಿನ ಚೆಕ್ ಗಣರಾಜ್ಯದಲ್ಲಿರುವ ಬ್ರನೋ ನಗರದ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಎಣಿಸಿದಾಗ 5,474 ದುಂಡು ಕಾಳು, 1,850 ಸುಕ್ಕು ಕಾಳು ಸಿಕ್ಕವು. ಸುಮಾರು ಮೂರಕ್ಕೆ ಒಂದು. 1866ರಲ್ಲಿ ಅಚ್ಚಾದ ಈ ಲೆಕ್ಕದ ಮಹತ್ವ ವಿಜ್ಞಾನಿಗಳಿಗೆ ಹೊಳೆದದ್ದು 1900ರಲ್ಲಿ.

ಜೋಡಿಯ ಲೆಕ್ಕ

ಕಾಳಿನ ಆಕಾರವನ್ನು ನಿರ್ಧರಿಸುವ ವಂಶವಾಹಿ, ಅಂದರೆ ಜೀನ್, ಗಿಡದಲ್ಲಿ ಎರಡು ಪ್ರತಿ ಇರುತ್ತದೆ: ತಂದೆ ಗಿಡದಿಂದ ಒಂದು, ತಾಯಿ ಗಿಡದಿಂದ ಒಂದು. ಜೀನ್ ಎಂಬುದು ವರ್ಣತಂತುವಿನಲ್ಲಿರುವ ಡಿಎನ್‌ಎಯ ಒಂದು ತುಣುಕು. ಒಂದೇ ಜೀನ್‌ನ ಬೇರೆ ಬೇರೆ ರೂಪಗಳಿಗೆ ಅಲೀಲ್ ಎನ್ನುತ್ತಾರೆ. ದುಂಡಿನ ಅಲೀಲನ್ನು ‘ದು’, ಸುಕ್ಕಿನದನ್ನು ‘ಸು’ ಎಂದು ಕರೆಯೋಣ. ಮೊದಲ ಪೀಳಿಗೆಯ ಪ್ರತಿ ಕಾಳೂ ದು–ಸು. ಪರಾಗಕ್ಕೂ ಅಂಡಕ್ಕೂ ಈ ಎರಡರಲ್ಲಿ ಒಂದೊಂದೇ ಹೋಗುತ್ತದೆ. ಆದ್ದರಿಂದ ಎರಡನೆಯ ಪೀಳಿಗೆಗೆ ನಾಲ್ಕು ದಾರಿ: ದು–ದು, ದು–ಸು, ಸು–ದು, ಸು–ಸು. ಕೊನೆಯದು ಮಾತ್ರ ಸುಕ್ಕು. ಒಳಗಿರುವ ಈ ಜೋಡಿ ಜೀನೋಟೈಪ್. ಹೊರಗೆ ಕಾಣುವ ಆಕಾರ ಫೀನೋಟೈಪ್.

ಅಡಗುವುದು ಏಕೆ?

ಇದಕ್ಕೆ ಉತ್ತರ ಸಿಕ್ಕಿದ್ದು 1990ರಲ್ಲಿ. ‘ಸು’ ಅಲೀಲ್‌ನ ನಡುವೆ ಸುಮಾರು 800 ಅಕ್ಷರಗಳಷ್ಟು ಡಿಎನ್‌ಎ ಹೆಚ್ಚುವರಿಯಾಗಿ ಸೇರಿಕೊಂಡಿದೆ. ಹೀಗಾಗಿ ಪಿಷ್ಟ ಕಟ್ಟಲು ನೆರವಾಗುವ ಒಂದು ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ. ಸಕ್ಕರೆ ನೀರನ್ನು ಎಳೆದುಕೊಂಡು ಎಳೆಕಾಳು ಉಬ್ಬುತ್ತದೆ. ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಕಾಳು ದುಂಡಗಿರಲು ಬೇಕಾದಷ್ಟು ಕಿಣ್ವವನ್ನು ಒಂದೇ ‘ದು’ ಒದಗಿಸಬಲ್ಲದು. ಅದಕ್ಕೇ ‘ದು’ ಪ್ರಬಲ, ‘ಸು’ ಅಪ್ರಬಲ. ಒಂದು ಇನ್ನೊಂದನ್ನು ಅಳಿಸಿಹಾಕುವುದಿಲ್ಲ.

ನಮ್ಮ ರಕ್ತದಲ್ಲೂ ಇದೇ ಕಥೆ

ರಕ್ತದ ಗುಂಪಿನ ಜೀನ್ ಇರುವುದು ನಮ್ಮ 9ನೇ ವರ್ಣತಂತುವಿನಲ್ಲಿ. ಎ ಅಲೀಲ್‌ನ ಕಿಣ್ವ ಕೆಂಪು ರಕ್ತಕಣದ ಮೇಲ್ಮೈಗೆ ಒಂದು ಬಗೆಯ ಸಕ್ಕರೆಯನ್ನು ಅಂಟಿಸುತ್ತದೆ, ಬಿ ಅಲೀಲ್‌ನದು ಇನ್ನೊಂದು ಬಗೆಯದನ್ನು. ಓ ಅಲೀಲ್‌ನಿಂದ ಕೆಲಸ ಮಾಡುವ ಕಿಣ್ವವೇ ಬರುವುದಿಲ್ಲ. ಎ ಮತ್ತು ಬಿ ಒಟ್ಟಿಗೆ ಬಂದರೆ ಯಾವುದೂ ಅಡಗದೆ ಎಬಿ ಗುಂಪಾಗುತ್ತದೆ, ಇದು ಸಹಪ್ರಾಬಲ್ಯ.

ತಂದೆಯದು ಎ ಗುಂಪು, ತಾಯಿಯದು ಬಿ, ಮಗುವಿನದು ಓ ಎಂದರೆ ಗಾಬರಿಪಡಬೇಕಿಲ್ಲ. ತಂದೆಯ ಜೋಡಿ ಎ–ಓ, ತಾಯಿಯದು ಬಿ–ಓ ಆಗಿದ್ದು, ಇಬ್ಬರಿಂದಲೂ ಓ ಬಂದರೆ ಮಗು ಓ–ಓ. ಇಂಥ ದಂಪತಿಗೆ ಓ ಗುಂಪಿನ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆಂದು ನಾಲ್ಕು ಮಕ್ಕಳಲ್ಲಿ ಒಂದು ಓ ಆಗಲೇಬೇಕೆಂದಿಲ್ಲ. ಮೊದಲ ಮಗುವಿನ ಗುಂಪು ಯಾವುದೇ ಆಗಿರಲಿ, ಎರಡನೆಯದಕ್ಕೂ ಸಾಧ್ಯತೆ ಅದೇ ನಾಲ್ಕರಲ್ಲಿ ಒಂದು.