ಮೊಲ ತೋರಿದ ಜಾಗ, ಕೆರೆ ಕಟ್ಟಿದ ಊರು

ಚಿಕ್ಕಬಳ್ಳಾಪುರ ಹುಟ್ಟಿದ ಕಥೆಯಲ್ಲೊಂದು ಮೊಲವಿದೆ. ಕೋಡಿಮಂಚೇನಹಳ್ಳಿ ಕಾಡಿನಲ್ಲಿ ಬೇಟೆಗೆ ಬಂದಿದ್ದ ಆವತಿ ಪಾಳೆಯಗಾರರ ಕಣ್ಣೆದುರೇ ಅದು ಬೇಟೆನಾಯಿಗಳ ಮೇಲೆ ತಿರುಗಿಬಿತ್ತಂತೆ. ಇದು ಗಂಡುಮೆಟ್ಟಿದ ನೆಲವೆಂದು ಬಗೆದು, ವಿಜಯನಗರದ ಅರಸರ ಅಪ್ಪಣೆ ಪಡೆದು, 1479ರ ಸುಮಾರಿಗೆ ಅಲ್ಲಿ ಕೋಟೆ, ಪೇಟೆ ಕಟ್ಟಿದರು. ಹಂಪಿಯ ಕಥೆಯಲ್ಲೂ ಇಂಥದೇ ಮೊಲವುಂಟು. ಆದರೆ ಕೋಟೆಗೆ ಮೊಲ ಸಾಕು, ಕೋಟೆಯೊಳಗಿನ ಜನ ಉಣ್ಣಲು ಕೆರೆ ಬೇಕು.

ಆವತಿಯವರೂ ವಲಸೆ ಬಂದವರೇ. ಕಂಚಿ ಸೀಮೆಯಲ್ಲಿ ಬಲಾಢ್ಯನೊಬ್ಬ ಮನೆಮಗಳ ಮೇಲೆ ಕಣ್ಣು ಹಾಕಿದಾಗ ರಣಭೈರೇಗೌಡರ ಕುಟುಂಬ ರಾತ್ರೋರಾತ್ರಿ ಗಾಡಿ ಹೂಡಿತು, ಪಾಲಾರ್ ನದಿ ದಾಟಿ ನಂದಿಬೆಟ್ಟದ ಪೂರ್ವಕ್ಕೆ ಬಂದು ಗುಡಿಸಲು ಹಾಕಿತು ಎನ್ನುತ್ತದೆ ಐತಿಹ್ಯ. ಮೊರಸು ಒಕ್ಕಲಿಗರ ಈ ಮನೆತನದ ಕವಲುಗಳೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನೂ ಕಟ್ಟಿದವು.

ಕನ್ನಡದಲ್ಲಿ ಊರನ್ನೂ ಕಟ್ಟುತ್ತಾರೆ, ಕೆರೆಯನ್ನೂ ಕಟ್ಟುತ್ತಾರೆ. ಈ ಸೀಮೆಯಲ್ಲಿ ಅವೆರಡೂ ಒಂದೇ ಕೆಲಸ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನಂದಿಯ ಸಾಲಿನಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬಿದ್ದ ಮಳೆಯನ್ನು ಅಡ್ಡಗಟ್ಟದೆ ಒಕ್ಕಲು ನಿಲ್ಲುವಂತಿರಲಿಲ್ಲ.

ಇದಕ್ಕೊಂದು ಪಕ್ಕಾ ವ್ಯವಸ್ಥೆಯೇ ಇತ್ತು. ಕೆರೆ ಕಟ್ಟಿಸಿದವನಿಗೆ ಅದರ ಅಚ್ಚುಕಟ್ಟಿನಲ್ಲೇ ಒಂದಿಷ್ಟು ಗದ್ದೆಯನ್ನು ಮಾನ್ಯವಾಗಿ ಬಿಡುತ್ತಿದ್ದರು. ಅದು ಕಟ್ಟುಕೊಡಗೆ. ಅದಕ್ಕೂ ಹಿಂದೆ, ಗಂಗ–ಬಾಣ–ನೊಳಂಬರ ಕಾಲದ ಶಾಸನಗಳಲ್ಲಿ ಕೆರೆಗಾಗಿ ಬಿಡುವ ಇಂಥದೇ ಮಾನ್ಯವಾದ ಬಿಟ್ಟುವಟ್ಟದ ಮಾತು ಬರುತ್ತದೆ. ಏರಿ ಗಟ್ಟಿಯಿದ್ದರೆ ಕಟ್ಟಿದವನ ಗದ್ದೆಗೂ ನೀರು, ಒಡೆದರೆ ಅವನಿಗೂ ನಷ್ಟ. ತೂಬು ಎತ್ತಿ ಸರದಿಯಂತೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತಿರುವಿದರೆ ಇಂಥ ದಾನಗಳು ಮತ್ತೆ ಮತ್ತೆ ಸಿಗುತ್ತವೆ.

ಊರ ಹೆಸರುಗಳೂ ಇದನ್ನೇ ನುಡಿಯುತ್ತವೆ. ಪೆರೇಸಂದ್ರದ ‘ಸಂದ್ರ’ ಮೂಲದಲ್ಲಿ ಸಮುದ್ರ, ಎಂದರೆ ದೊಡ್ಡ ಕೆರೆ. ಚಿಂತಾಮಣಿ ತಾಲ್ಲೂಕಿನ ಬುರುಡುಗುಂಟೆಯಲ್ಲಿ ಕುಂಟೆಯಿದೆ, ಗೌರಿಬಿದನೂರಿನ ತೊಂಡೇಭಾವಿಯಲ್ಲಿ ಬಾವಿಯಿದೆ. ಚಿಂತಾಮಣಿ ಪಟ್ಟಣಕ್ಕೆ ಮಾತ್ರ ಮರಾಠ ಸರದಾರ ಚಿಂತಾಮಣಿ ರಾವ್ ಹೆಸರು. ಅದನ್ನು ಬೆಳೆಸಿದ್ದು ವ್ಯಾಪಾರ. ಶಿಡ್ಲಘಟ್ಟವನ್ನು ಇಂದು ನಡೆಸುತ್ತಿರುವುದು ರೇಷ್ಮೆಗೂಡು. ಆ ಗೂಡಿನ ಹಿಂದಿರುವ ಹಿಪ್ಪುನೇರಳೆಗೂ ನೀರೇ ಆಧಾರ.

ಕಟ್ಟಿದ ಊರು ಮುರಿಯುವುದೂ ಉಂಟು. ಕಂದಾಯ ದಾಖಲೆಗಳಲ್ಲಿ ‘ಬೇಚಿರಾಕ್’ ಎಂದು ಬರೆದ ಗ್ರಾಮಗಳಿವೆ, ಅಂದರೆ ದೀಪ ಹಚ್ಚುವವರಿಲ್ಲದ ಊರುಗಳು. ಬರ, ಪಿಡುಗು, ದಂಡಿನ ಕಾಟ ಅವನ್ನು ಬರಿದು ಮಾಡಿದವು. 1876–78ರ ಧಾತು ಈಶ್ವರ ಬರದ ಪೆಟ್ಟಿಗೆ, 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಜಿಲ್ಲೆಯಾದ ಚಿಕ್ಕಬಳ್ಳಾಪುರದಲ್ಲಿ ಈಗ ಮತ್ತೆ ಊರುಗಳು ಏಳುತ್ತಿವೆ. ಆದರೆ ಯಾರೂ ‘ಊರು ಕಟ್ಟುತ್ತಿದ್ದೇವೆ’ ಎನ್ನುವುದಿಲ್ಲ, ‘ಲೇಔಟ್ ಮಾಡಿದ್ದೇವೆ’ ಎನ್ನುತ್ತಾರೆ. ಮೊದಲು ಕಮಾನು, ಆಮೇಲೆ ಸೈಟಿನ ಕಲ್ಲು, ಕೊನೆಗೆ ಬೋರ್‌ವೆಲ್. ಆಳಕ್ಕಿಳಿದ ಬೋರ್‌ವೆಲ್‌ಗಳಲ್ಲಿ ನೀರಿನ ಜತೆ ಫ್ಲೋರೈಡೂ ಬರುತ್ತಿದೆ. ಇತ್ತ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆ ತುಂಬಿಸಲು ಎಚ್.ಎನ್. ವ್ಯಾಲಿ ಯೋಜನೆ ಬಂದಿದೆ. ಆ ನೀರಿನ ಗುಣಮಟ್ಟದ ಬಗ್ಗೆ ರೈತರ ತಕರಾರು ನಿಂತಿಲ್ಲ.

ಹಿಂದಿನವರೆಲ್ಲ ಪುಣ್ಯವಂತರು ಎನ್ನಬೇಕಿಲ್ಲ. ಕೆರೆಯ ಮಣ್ಣು ಹೊತ್ತವರ ಹೆಸರು ಶಾಸನದಲ್ಲಿ ಅಪರೂಪ, ನೀರಿನ ಮೇಲೆ ಎಲ್ಲ ಜಾತಿಗೂ ಸಮಾನ ಹಕ್ಕೂ ಇರಲಿಲ್ಲ. ಆದರೂ ನೀರಿನ ದಾರಿ ಗೊತ್ತುಮಾಡಿಕೊಂಡೇ ಮನೆಗೆ ಬುನಾದಿ ತೋಡುವ ವಿವೇಕ ಅವರಿಗಿತ್ತು. ಹೊಸ ಬಡಾವಣೆಗೆ ಸಹಿ ಹಾಕುವ ಅಧಿಕಾರಿಯೂ ಸೈಟು ಕೊಳ್ಳುವ ಗಿರಾಕಿಯೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಲ್ಲಿನ ರಾಜಕಾಲುವೆ ಎಲ್ಲಿ, ಅದು ಯಾವ ಕೆರೆಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ಸಹಿಯೂ ಬೇಡ, ಸೈಟೂ ಬೇಡ.