ಹಳೆಯ ಮೀನುದೋಣಿ, ಕುಟುಂಬದ ವಿಹಾರ: ಬಣ್ಣಕ್ಕೆ ಮುನ್ನ ಭದ್ರತೆ

ಹಳೆಯ ವಸ್ತುವನ್ನು ಎಸೆಯದೆ ದುರಸ್ತಿಪಡಿಸಿ ಮತ್ತೆ ಬಳಕೆಗೆ ತರುವುದು ಮಿತವ್ಯಯದ ಲಕ್ಷಣ. ಮನೆಯ ಮಂಚ, ಬಾಗಿಲು ಅಥವಾ ಸೈಕಲ್ಲಿನ ದುರಸ್ತಿಯಲ್ಲಿ ಲೋಪವಾದರೆ ಆಗುವ ನಷ್ಟ ಅಲ್ಪವಾದುದು. ದೋಣಿಯ ವಿಷಯ ಹಾಗಲ್ಲ. ದಡದ ಮೇಲೆ ಕಾಣದ ದೋಷ ನೀರಿನ ನಡುವೆ ಪ್ರಕಟವಾಗುತ್ತದೆ. ಅಲ್ಲಿ ಅದನ್ನು ಸರಿಪಡಿಸಲು ಅವಕಾಶವಿರುವುದಿಲ್ಲ.

2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮಗುಚಿ 22 ಮಂದಿ ಅಸುನೀಗಿದರು. ಮೃತರಲ್ಲಿ ಅನೇಕರು ಮಕ್ಕಳು. ಮೂಲತಃ ಮೀನುಗಾರಿಕೆಗೆಂದು ಇದ್ದ ದೋಣಿಯನ್ನು ಪ್ರವಾಸಿಗರಿಗಾಗಿ ಮಾರ್ಪಡಿಸಲಾಗಿತ್ತೆಂದೂ, ಮಿತಿಮೀರಿ ಜನರನ್ನು ಹತ್ತಿಸಿಕೊಳ್ಳಲಾಗಿತ್ತೆಂದೂ ಆಗ ವರದಿಯಾಯಿತು. ಮೀನು, ಬಲೆ ಮತ್ತು ಇಬ್ಬರು ಮೂವರು ಅನುಭವಿಗಳನ್ನು ಹೊರಲು ಕಟ್ಟಿದ ದೋಣಿಯಲ್ಲಿ ಹೆಂಗಸರು, ಮಕ್ಕಳು, ವೃದ್ಧರು ಕುಳಿತಾಗ ಅದರ ಲೆಕ್ಕಾಚಾರವೇ ಬದಲಾಗುತ್ತದೆ. ಈ ಬದಲಾವಣೆಯನ್ನು ಅರಿತು ಕೈಗೊಳ್ಳುವ ದುರಸ್ತಿಯೇ ನಿಜವಾದ ದುರಸ್ತಿ.

ಹಳೆಯ ಮೀನುದೋಣಿಯನ್ನು ಮನೆಯವರೇ ದುರಸ್ತಿಮಾಡಿ ವಿಹಾರಕ್ಕೆ ಬಳಸುವ ರೂಢಿ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ವ್ಯಾಪಕವಾಗಿದೆ. ಅಲ್ಲಿನ ಸರೋವರಗಳಲ್ಲಿ ಬಳಕೆಯಾಗುವ ಅಲ್ಯೂಮಿನಿಯಂ ದೋಣಿಗಳ ಉದಾಹರಣೆಯನ್ನು ಆಧಾರವಾಗಿಟ್ಟುಕೊಂಡು ಈ ಕಾರ್ಯದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ನೀರಿನ ನಿಯಮ ಎಲ್ಲ ದೇಶಗಳಲ್ಲಿಯೂ ಒಂದೇ ಆದುದರಿಂದ ಇದರ ಪಾಠ ನಮಗೂ ಅನ್ವಯಿಸುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಗ್ರಮ್ಮನ್ ಎಂಬ ಅಮೆರಿಕದ ಸಂಸ್ಥೆ ನೌಕಾದಳಕ್ಕೆ ಯುದ್ಧವಿಮಾನಗಳನ್ನು ತಯಾರಿಸುತ್ತಿತ್ತು. 1944ರಲ್ಲಿ ಅದರ ಉಪಾಧ್ಯಕ್ಷರಾಗಿದ್ದ ವಿಲಿಯಂ ಹಾಫ್‌ಮನ್ ಅವರು ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಪ್ರದೇಶದಲ್ಲಿ ಕ್ಯಾನ್ವಾಸ್ ಹೊದಿಸಿದ ಭಾರವಾದ ದೋಣಿಯನ್ನು ಹೊತ್ತು ಸಾಗುವ ಶ್ರಮವನ್ನು ಅನುಭವಿಸಿ, ವಿಮಾನದ ಲೋಹದಿಂದಲೇ ಹಗುರವಾದ ದೋಣಿಯನ್ನು ಮಾಡಬಹುದೆಂದು ಯೋಚಿಸಿದರು. 1945ರಲ್ಲಿ ಇಂತಹ ದೋಣಿಗಳ ತಯಾರಿಕೆ ಆರಂಭವಾಯಿತು. ಮುಂದೆ ಇತರ ತಯಾರಕರೂ ತಗಡುಗಳನ್ನು ರಿವೆಟ್ಟುಗಳಿಂದ ಜೋಡಿಸಿದ ಸಣ್ಣ ಮೀನುದೋಣಿಗಳನ್ನು ಮಾರುಕಟ್ಟೆಗೆ ತಂದರು.

ಗಾಳಿಯ ಸಂಪರ್ಕಕ್ಕೆ ಬಂದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳುಪದರ ಮೂಡಿ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದಂತೆ ಅದು ತುಕ್ಕು ಹಿಡಿಯುವುದಿಲ್ಲ, ಮರದಂತೆ ಕೊಳೆಯುವುದಿಲ್ಲ. ಹಲವು ದಶಕಗಳ ಹಿಂದಿನ ದೋಣಿಗಳು ಇಂದಿಗೂ ದುರಸ್ತಿಗೆ ಯೋಗ್ಯವಾಗಿ ಉಳಿದಿರಲು ಇದೇ ಕಾರಣ. ಆದರೆ ಲೋಹ ಉಳಿದ ಮಾತ್ರಕ್ಕೆ ದೋಣಿ ಉಳಿದಂತಾಗುವುದಿಲ್ಲ.

ಮೊದಲು ಪರೀಕ್ಷೆ

ದೋಣಿಯನ್ನು ಬರಿದುಮಾಡಿ ತೊಳೆದ ನಂತರ ಮೂರು ಭಾಗಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಮೋಟಾರನ್ನು ತೂಗುಹಾಕುವ ಹಿಂಬದಿಯ ಗೋಡೆ. ಅನೇಕ ದೋಣಿಗಳಲ್ಲಿ ಅಲ್ಯೂಮಿನಿಯಂ ತಗಡಿನ ಒಳಗೆ ಪ್ಲೈವುಡ್ ಹಲಗೆ ಇರುತ್ತದೆ. ಹೊರಗೆ ನೋಡಲು ಗಟ್ಟಿಯಾಗಿದ್ದರೂ ಒಳಗೆ ಅದು ನೆನೆದು ಕೊಳೆತಿರಬಹುದು. ದಬ್ಬಳದಿಂದ ಚುಚ್ಚಿದಾಗ ಮೊನೆ ಸಲೀಸಾಗಿ ಇಳಿದರೆ ಹಲಗೆಯನ್ನು ಬದಲಿಸಲೇಬೇಕು. ಇಲ್ಲವಾದರೆ ಚಲಿಸುವಾಗ ಮೋಟಾರು ಕಳಚಿಬೀಳುವ ಅಪಾಯವಿದೆ.

ಎರಡನೆಯದು ಆಸನಗಳ ಮತ್ತು ನೆಲಹಲಗೆಯ ಕೆಳಗೆ ತುಂಬಿರುವ ಫೋಮ್. ದೋಣಿಯಲ್ಲಿ ನೀರು ತುಂಬಿದರೂ ಮುಳುಗದಂತೆ ತಡೆಯುವುದು ಇದರ ಕೆಲಸ. ವರ್ಷಗಳು ಕಳೆದಂತೆ ಕೆಲವು ಬಗೆಯ ಫೋಮ್ ನೀರನ್ನು ಹೀರಿಕೊಂಡು, ತೇಲಿಸುವ ಬದಲು ತಾನೇ ಹೊರೆಯಾಗುತ್ತದೆ. ಹಿಂಡಿದಾಗ ನೀರು ಸುರಿಯುವ ಫೋಮನ್ನು ತೆಗೆದುಹಾಕಬೇಕು.

ಮೂರನೆಯದು ಲೋಹದ ಮೈ. ಬಿಳಿಯ ಪುಡಿ ಕಟ್ಟಿದ ಕಡೆ ಉಜ್ಜಿ ನೋಡಿದರೆ ಸಣ್ಣ ಗುಳಿಗಳು ಕಾಣಬಹುದು. ಗುಳಿ ಆಳವಾಗಿದ್ದರೆ ಅಥವಾ ಅಡ್ಡಪಟ್ಟಿಗಳಲ್ಲಿ ಬಿರುಕಿದ್ದರೆ ಅನುಭವಿ ಕುಶಲಕರ್ಮಿಗೆ ತೋರಿಸುವುದು ಲೇಸು. ತಳ ಹಲವೆಡೆ ತೂತುಬಿದ್ದಿದ್ದರೆ ಆ ದೋಣಿಯನ್ನು ಕೈಬಿಡುವುದೇ ಮಿತವ್ಯಯ.

ಸೋರಿಕೆಯ ನಿವಾರಣೆ

ಸೋರುವ ಸ್ಥಳವನ್ನು ಕಂಡುಹಿಡಿಯಲು ಸುಲಭವಾದ ಉಪಾಯವೊಂದಿದೆ. ದೋಣಿಯನ್ನು ದಡದಲ್ಲಿಯೇ ಭದ್ರವಾದ ಆಧಾರಗಳ ಮೇಲಿರಿಸಿ ಒಳಗೆ ಸುಮಾರು ಒಂದು ಗೇಣು ನೀರು ತುಂಬಬೇಕು. ಹೊರಗೆ ಹನಿಯುವ ಪ್ರತಿಯೊಂದು ರಿವೆಟ್ ಮತ್ತು ಕೂಡುಗೆರೆಯನ್ನು ಗುರುತುಮಾಡಿಕೊಳ್ಳಬೇಕು. ಅಂಚಿನವರೆಗೆ ತುಂಬಬಾರದು, ನೀರಿನ ಭಾರಕ್ಕೆ ತಗಡು ಬಾಗುವ ಸಂಭವವುಂಟು.

ಸಡಿಲಗೊಂಡ ರಿವೆಟ್ಟಿಗೆ ಒಬ್ಬರು ಒಂದು ಬದಿಯಲ್ಲಿ ಭಾರವಾದ ಕಬ್ಬಿಣದ ತುಂಡನ್ನು ಒತ್ತಿಹಿಡಿದು, ಇನ್ನೊಬ್ಬರು ಮತ್ತೊಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿದರೆ ಅದು ಬಿಗಿಯಾಗುತ್ತದೆ. ತಲೆ ಸವೆದಿದ್ದರೆ ಕೊರೆದು ತೆಗೆದು, ಅಲ್ಯೂಮಿನಿಯಮಿನದೇ ಹೊಸ ರಿವೆಟ್ಟನ್ನು ಹಾಕಬೇಕು. ಕೂಡುಗೆರೆಗಳನ್ನು ಚೆನ್ನಾಗಿ ಉಜ್ಜಿ ಒಣಗಿಸಿ, ದೋಣಿಗಳಿಗೆಂದೇ ತಯಾರಾದ ಪಾಲಿಯುರೆಥೇನ್ ಅಂಟನ್ನು ಒಳಬದಿಯಿಂದ ಹಚ್ಚಬೇಕು. ಸಡಿಲವಾದ ರಿವೆಟ್ಟನ್ನು ಬಿಗಿಗೊಳಿಸದೆ ಅಂಟನ್ನಷ್ಟೇ ಬಳಿದರೆ ಕೆಲವೇ ದಿನಗಳಲ್ಲಿ ಮತ್ತೆ ಸೋರತೊಡಗುತ್ತದೆ. ತೆಳುವಾದ ಹಳೆಯ ತಗಡಿಗೆ ವೆಲ್ಡಿಂಗ್ ಮಾಡುವುದು ನುರಿತವರ ಕೆಲಸ.

ಹೊಂದದ ವಸ್ತುಗಳು

ಅಲ್ಯೂಮಿನಿಯಂ ತಾಮ್ರ, ಹಿತ್ತಾಳೆ ಅಥವಾ ಉಕ್ಕಿಗೆ ತಾಗಿಕೊಂಡಿದ್ದು, ನಡುವೆ ನೀರಿದ್ದರೆ ಅಲ್ಲೊಂದು ಸಣ್ಣ ವಿದ್ಯುತ್‌ಕೋಶವೇ ನಿರ್ಮಾಣವಾಗಿ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಉಪ್ಪುನೀರಿನಲ್ಲಿ ಈ ಕ್ರಿಯೆ ಇನ್ನೂ ತೀವ್ರ. ಆದುದರಿಂದ ಹಿತ್ತಾಳೆಯ ತಿರುಪುಗಳನ್ನು ಬಳಸಬಾರದು. ಸ್ಟೇನ್‌ಲೆಸ್ ಉಕ್ಕಿನ ಬೋಲ್ಟುಗಳನ್ನು ಬಳಸುವಾಗ ನಡುವೆ ನೈಲಾನ್ ಅಥವಾ ರಬ್ಬರಿನ ವಾಷರ್ ಇರಿಸುವುದು ಅವಶ್ಯಕ. ಗೆದ್ದಲು ಹಿಡಿಯದಂತೆ ತಾಮ್ರದ ಲವಣಗಳಿಂದ ಸಂಸ್ಕರಿಸಿದ ಮರವೂ ಅಲ್ಯೂಮಿನಿಯಮ್ಮಿಗೆ ಹಾನಿಕರ. ಹಲಗೆಗೆ ಮೆರೈನ್ ಪ್ಲೈವುಡ್ ಸೂಕ್ತ. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 710 ಎಂಬ ಭಾರತೀಯ ಮಾನಕವಿದೆ. ಹಲಗೆಯ ಅಂಚುಗಳಿಗೂ ತೂತುಗಳಿಗೂ ಎಪಾಕ್ಸಿ ಲೇಪಿಸಿದರೆ ನೀರು ಒಳಸೇರುವುದಿಲ್ಲ.

ತೇಲುವ ಲೆಕ್ಕ

ಒಂದು ಉದಾಹರಣೆಯನ್ನು ಗಮನಿಸಬಹುದು. ದೋಣಿಯ ಲೋಹದ ಮೈ 100 ಕಿಲೋಗ್ರಾಂ ಎಂದು ಭಾವಿಸೋಣ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ಆರ್ಕಿಮಿಡೀಸನ ತತ್ತ್ವದಂತೆ ಪೂರ್ಣವಾಗಿ ಮುಳುಗಿದಾಗ ಈ ಲೋಹ 37 ಕಿಲೋಗ್ರಾಂ ತೂಕದಷ್ಟು ನೀರನ್ನು ಸರಿಸುತ್ತದೆ. ಉಳಿದ 63 ಕಿಲೋಗ್ರಾಂ ಕೆಳಕ್ಕೆಳೆಯುತ್ತದೆ. ಮೋಟಾರಿಗೆ 40 ಕಿಲೋಗ್ರಾಂ, ದೋಣಿಯನ್ನು ಹಿಡಿದು ನೀರಿನಲ್ಲಿರುವ ನಾಲ್ವರಿಗೆ ತಲಾ 10ರಂತೆ 40 ಕಿಲೋಗ್ರಾಂ ಸೇರಿಸಿದರೆ ಒಟ್ಟು 143 ಕಿಲೋಗ್ರಾಂ ಆಗುತ್ತದೆ. ನೀರನ್ನು ಹೀರದ ಒಂದು ಲೀಟರ್ ಗಾತ್ರದ ಫೋಮ್ ಒಂದು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ ಭಾರವನ್ನು ಎತ್ತಿಹಿಡಿಯುತ್ತದೆ. ಆದುದರಿಂದ ಈ ದೋಣಿಗೆ ಕನಿಷ್ಠ 150 ಲೀಟರ್ ಗಾತ್ರದ ಫೋಮ್ ಬೇಕು. ಅದಕ್ಕಿಂತ ಹೆಚ್ಚಿದ್ದಷ್ಟೂ ಒಳ್ಳೆಯದು.

ಫೋಮ್ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಎಲ್ಲವನ್ನೂ ತಳದಲ್ಲಿಯೇ ತುಂಬಿದರೆ, ನೀರು ತುಂಬಿದ ದೋಣಿ ತಲೆಕೆಳಗಾಗುವ ಸಂಭವವಿರುತ್ತದೆ. ಆಸನಗಳ ಕೆಳಗೆ, ಎರಡೂ ಪಕ್ಕಗಳ ಮೇಲ್ಭಾಗದಲ್ಲಿ ಮತ್ತು ಮೋಟಾರಿನ ಬಳಿ ಹಂಚಿ ಇರಿಸಿದರೆ ದೋಣಿ ನೀರು ತುಂಬಿದಾಗಲೂ ಮಟ್ಟಸವಾಗಿ ತೇಲುತ್ತದೆ. ಅದನ್ನು ಹಿಡಿದುಕೊಂಡವರಿಗೆ ನೆರವು ಬರುವತನಕ ಆಸರೆಯಾಗುತ್ತದೆ.

ಎಷ್ಟು ಜನ?

1971ರಲ್ಲಿ ದೋಣಿ ಸುರಕ್ಷತೆಯ ಕಾನೂನು ಬಂದ ಬಳಿಕ ಅಮೆರಿಕದಲ್ಲಿ ತಯಾರಾಗುವ ಸಣ್ಣ ಮೋಟಾರು ದೋಣಿಗಳಿಗೆ ಎಷ್ಟು ಜನ, ಎಷ್ಟು ಭಾರ ಎಂಬುದನ್ನು ತಿಳಿಸುವ ಫಲಕ ಕಡ್ಡಾಯವಾಯಿತು. ಫಲಕವಿಲ್ಲದ ಹಳೆಯ ದೋಣಿಗೆ ಅಲ್ಲಿ ಒಂದು ಅಂದಾಜು ಸೂತ್ರ ಬಳಕೆಯಲ್ಲಿದೆ: ಅಡಿಗಳಲ್ಲಿ ಅಳೆದ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸುವುದು. 14 ಅಡಿ ಉದ್ದ, 5 ಅಡಿ ಅಗಲದ ದೋಣಿಗೆ ನಾಲ್ಕೂವರೆಗಿಂತ ತುಸು ಹೆಚ್ಚಿನ ಉತ್ತರ ಬರುತ್ತದೆ. ಅಂದರೆ ನಾಲ್ವರೇ ಹೊರತು ಐವರಲ್ಲ. ಇದು ಶಾಂತವಾದ ನೀರಿಗೆ ಮಾತ್ರ ಅನ್ವಯ. ಹೊಸದಾಗಿ ಹಾಕಿದ ನೆಲಹಲಗೆ, ಬ್ಯಾಟರಿ, ಬುತ್ತಿಯ ಪೆಟ್ಟಿಗೆಗಳ ಭಾರ ಹೆಚ್ಚಾದಂತೆ ಜನರ ಸಂಖ್ಯೆಯನ್ನು ತಗ್ಗಿಸಬೇಕು.

ವಿಹಾರಕ್ಕೆಂದು ಎತ್ತರದ ಆಸನ, ಮೇಲ್ಛಾವಣಿ ಅಥವಾ ಅಟ್ಟವನ್ನು ಕಟ್ಟುವ ಬಯಕೆ ಸಹಜ. ಆದರೆ ಭಾರ ಮೇಲೇರಿದಂತೆ ಗುರುತ್ವಕೇಂದ್ರವೂ ಮೇಲೇರಿ, ಎಲ್ಲರೂ ಒಂದೇ ಬದಿಗೆ ವಾಲಿದಾಗ ದೋಣಿ ಮಗುಚುವುದು ಸುಲಭವಾಗುತ್ತದೆ. ಮಕ್ಕಳಿರುವ ದೋಣಿಯಲ್ಲಿ ಆಸನ ತಗ್ಗಿನಲ್ಲಿರುವುದೇ ಕ್ಷೇಮ.

ಕಡೆಗೆ ಬಣ್ಣ

ಸಿಹಿನೀರಿನಲ್ಲಿ ಬಳಸುವ ಅಲ್ಯೂಮಿನಿಯಂ ದೋಣಿಗೆ ಬಣ್ಣ ಅಂದಕ್ಕಾಗಿಯೇ ಹೊರತು ಅನಿವಾರ್ಯವಲ್ಲ. ಬಣ್ಣ ಬೇಕೆನಿಸಿದರೆ ಮೈಯನ್ನು ಉಜ್ಜಿ, ಅಲ್ಯೂಮಿನಿಯಮ್ಮಿಗೆಂದೇ ತಯಾರಾದ ಪ್ರೈಮರ್ ಹಚ್ಚಿದ ನಂತರ ಬಳಿಯಬೇಕು. ಇಲ್ಲವಾದರೆ ಅದು ಸುಲಿದುಬರುತ್ತದೆ. ಹಳೆಯ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಸಲ್ಲದು. ಅದು ಲೋಹವನ್ನೇ ತಿನ್ನುತ್ತದೆ. ಪಾಚಿ ಕಟ್ಟದಂತೆ ಹಚ್ಚುವ ತಾಮ್ರಯುಕ್ತ ಬಣ್ಣವೂ ವರ್ಜ್ಯ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಉಜ್ಜುವವರು ಧೂಳನ್ನು ತಡೆಯುವ ಮುಖಗವಸು ಧರಿಸಬೇಕು, ಮಕ್ಕಳನ್ನು ದೂರವಿರಿಸಬೇಕು.

ನೀರಿಗಿಳಿಸುವ ಮುನ್ನ

ಸೊಂಟಮಟ್ಟದ ನಿಂತ ನೀರಿನಲ್ಲಿ, ಜನರನ್ನು ಕೂರಿಸದೆ, ಮೋಟಾರಿನ ಬದಲಿಗೆ ಅಷ್ಟೇ ತೂಕದ ಭಾರವನ್ನು ಕಟ್ಟಿ, ದೋಣಿಯಲ್ಲಿ ಅಂಚಿನವರೆಗೆ ನೀರು ತುಂಬಿಸಿ ನೋಡಬೇಕು. ಅದು ಮಟ್ಟಸವಾಗಿ ತೇಲಿದರೆ ದುರಸ್ತಿ ಸಾರ್ಥಕವಾದಂತೆ. ಮುಳುಗಿದರೆ ಅಥವಾ ಹೊರಳಿದರೆ ಕೆಲಸ ಇನ್ನೂ ಮುಗಿದಿಲ್ಲ. ಹುಟ್ಟುಗಳು, ನೀರು ಮೊಗೆಯುವ ಪಾತ್ರೆ, ಹಗ್ಗ ಮತ್ತು ಸೀಟಿ ದೋಣಿಯಲ್ಲಿ ಸದಾ ಇರಬೇಕು.

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಂದಿ ಶಾಲಾಮಕ್ಕಳೂ ಇಬ್ಬರು ಶಿಕ್ಷಕಿಯರೂ ಮೃತಪಟ್ಟಾಗ, ಅನೇಕ ಮಕ್ಕಳು ಜಾಕೆಟ್ ಧರಿಸಿರಲಿಲ್ಲವೆಂದು ವರದಿಯಾಗಿತ್ತು. ಜಾಕೆಟ್ಟನ್ನು ಮಗುವಿನ ತೂಕಕ್ಕೆ ತಕ್ಕಂತೆ ಆರಿಸಬೇಕು. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ, ನೀರಿಗೆ ಬಿದ್ದಾಗ ಮಗು ಅದರಿಂದ ಜಾರಿಬಿಡುತ್ತದೆ.

ನಮ್ಮ ದೇಶದಲ್ಲಿ 1917ರ ಕಾನೂನಿನ ಸ್ಥಾನದಲ್ಲಿ ಜಾರಿಗೆ ಬಂದ 2021ರ ಒಳನಾಡು ನೌಕೆಗಳ ಅಧಿನಿಯಮದ ಪ್ರಕಾರ, ನದಿ, ಕಾಲುವೆ, ಹಿನ್ನೀರು ಮುಂತಾದ ಒಳನಾಡು ಜಲಭಾಗಗಳಲ್ಲಿ ಸಂಚರಿಸುವ ಯಂತ್ರಚಾಲಿತ ನೌಕೆಗಳಿಗೆ ತಪಾಸಣೆ ಮತ್ತು ನೋಂದಣಿ ಅಗತ್ಯ. ಹಳೆಯ ದೋಣಿಗೆ ಮೋಟಾರು ಜೋಡಿಸಲು ಇಚ್ಛಿಸುವವರು ಕೆಲಸ ಆರಂಭಿಸುವ ಮುನ್ನವೇ ತಮ್ಮ ರಾಜ್ಯದ ಸಂಬಂಧಪಟ್ಟ ಅಧಿಕಾರಿಗಳನ್ನು ವಿಚಾರಿಸುವುದು ಉಚಿತ. ತಪಾಸಣೆಯನ್ನು ತೊಡಕೆಂದು ಭಾವಿಸಲಾಗದು. ದೋಣಿಯ ಒಡೆಯನ ಕಣ್ಣಿಗೆ ಬೀಳದ ದೋಷವನ್ನು ಮತ್ತೊಂದು ಕಣ್ಣು ಕಾಣುವ ಅವಕಾಶ ಅದು.

ಮಕ್ಕಳು ದೋಣಿಯ ಬಣ್ಣವನ್ನು ನೋಡಿ ಸಂತೋಷಪಡುತ್ತಾರೆ; ಅದರ ರಿವೆಟ್ಟುಗಳನ್ನೂ ಫೋಮನ್ನೂ ಅವರು ನೋಡುವುದಿಲ್ಲ. ಅವನ್ನು ನೋಡಬೇಕಾದುದು ಹಿರಿಯರ ಹೊಣೆ. ಆ ಹೊಣೆಯನ್ನು ದಡದಲ್ಲಿಯೇ ಪೂರೈಸಿದ ಕುಟುಂಬ ನೀರಿನ ಮೇಲೆ ನಿಶ್ಚಿಂತೆಯಿಂದ ವಿಹರಿಸಬಹುದು.